ಗೋಪಾಲಸಾಮಿ ಕರೆಂಟು ತೆಗೆದದ್ದು

ಗೋಪಾಲಸಾಮಿಗೆ ಕರೆಂಟು ತೆಗೆಯುವ ಶಕ್ತಿ ಇದೆ ಎಂಬ ಸಂಗತಿ ಕೊಯಮತ್ತೂರು ಹತ್ತಿರದ ಕರುಮತ್ತಂಪಟ್ಟಿಯ ಕನ್ನಡ ನೇಕಾರರ ಬೀದಿಗೆಲ್ಲ ಗೊತ್ತಾಗಿ, ಪಕ್ಕದ ಬೀದಿಗೂ ಹಬ್ಬಿ, ಸೋಮನೂರಿನ ಟೀ ಅಂಗಡಿಯವರೆಗೆ ಹೋಗಿ, ಸ್ವಲ್ಪ ಮೈ ತುಂಬಿಕೊಂಡು ಹಿಂತಿರುಗಿದ ಮೇಲೆ, ಕಟ್ಟಕಡೆಗೆ ಗೋಪಾಲಸಾಮಿಗೆ ಗೊತ್ತಾಯಿತು. ಅವನ ಹೆಂಡತಿ ರುಕ್ಮಣಿಗೆ ಮೊದಲೇ ತಿಳಿದಿತ್ತು. ಹೇಳಿದರೆ ಎಲ್ಲಿ ಅವನೂ ನಂಬಿಬಿಡುತ್ತಾನೋ ಎಂದು ಹೇಳಿರಲಿಲ್ಲ.

ಎಲ್ಲದಕ್ಕೂ ಮೂಲ ಒಂದು ಹಾರ್ಮೋನಿಯಂ. ಅದೂ ಮನೆಗೆ ಬಾರದೇ ಹೋದ ಹಾರ್ಮೋನಿಯಂ.

ಬೀದಿಯ ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಮುದುಕರು ತಿರುಪ್ಪೂರಿನ ಮಗಳ ಮನೆಗೆ ಹೋಗಿ ನೆಲೆಸಿದರು. ಹೋಗುವಾಗ ಪೆಟ್ಟಿಗೆಯನ್ನೂ ತೆಗೆದುಕೊಂಡು ಹೋದರು. ಶನಿವಾರದ ಭಜನೆ ಬರೀ ತಾಳದ ಮೇಲೆ ಕುಂಟುತ್ತಿತ್ತು. ಆಗ ಯಾರೂ ಕೇಳದಿದ್ದರೂ ಗೋಪಾಲಸಾಮಿ ಎದ್ದು ನಿಂತು, "ಹಾರ್ಮೋನಿಯಂ ತಾನೆ? ನಾನೇ ತತ್ತೀನಿ, ನಾನೇ ನುಡಿಸ್ತೀನಿ" ಅಂದುಬಿಟ್ಟ. ಅಲ್ಲಿಯವರೆಗೆ ಅವನು ಹಾರ್ಮೋನಿಯಂ ಮುಟ್ಟಿದ್ದು ಒಂದೇ ಸಲ, ಅದನ್ನು ಎತ್ತಿನಗಾಡಿಗೆ ಏರಿಸುವಾಗ.

ಮುಂದಿನ ವಾರ ಟವೆಲ್ ಮೂಟೆ ಕೊಡಲು ಕೊಯಮತ್ತೂರಿಗೆ ಹೋದವನು ಆರ್.ಎಸ್. ಪುರಂನ ಒಂದು ಅಡ್ಡಬೀದಿಯಲ್ಲಿ ಹಳೆಯ ಬಂಗಲೆಯ ಸಾಮಾನು ಮಾರುತ್ತಿರುವುದನ್ನು ಕಂಡ. ಸಂಜೆ ಮನೆಗೆ ಬರುವಾಗ ಅವನ ಕಂಕುಳಲ್ಲಿ ಒಂದು ಗಂಟಿತ್ತು. ಅದಕ್ಕೆ ಏನು ಕೊಟ್ಟ ಎಂದು ರುಕ್ಮಣಿ ಕೇಳಲಿಲ್ಲ. ಅವನ ಮುಖದಲ್ಲಿ ಅಷ್ಟು ಸಂತೋಷ ಇರುವಾಗ ಕೆಲವು ಪ್ರಶ್ನೆಗಳನ್ನು ನಾಳೆಗೆ ಇಟ್ಟುಕೊಳ್ಳುವುದು ಅವಳ ಅಭ್ಯಾಸ.

"ಇದೇನು?" ಅಂದಳು.

"ಹಾರ್ಮೋನಿಯಂ."

"ಹಾರ್ಮೋನಿಯಂ ಇಷ್ಟೇನಾ?"

"ಇದು ಕೈಯಲ್ಲಿ ಹಿಡಿಯೋದು. ಬೆಳ್ಳೆಕಾರರ, ಬಿಳಿ ದೊರೆಗಳ ಹಾರ್ಮೋನಿಯಂ. ಕಾನ್ಸರ್ಟಿನಾ ಅಂತ ಹೆಸರು."

"ಕಪ್ಪು ಬಿಳಿ ಮನೆ ಎಲ್ಲಿ?"

"ಗುಂಡಿ ಐತಲ್ಲ."

"ಅಂಗಿಗೆ ಇರೋ ಹಂಗೆ ಐತೆ."

ಅದಕ್ಕೆ ಆರು ಮೂಲೆ. ಎರಡು ಕಡೆಗೂ ಮರದ ಮುಖ, ಮುಖದ ತುಂಬ ಸಣ್ಣ ಸಣ್ಣ ಗುಂಡಿ, ನಡುವೆ ಮಡಿಕೆ ಮಡಿಕೆಯಾದ ತಿದಿ. ಎರಡೂ ಕೈಯಲ್ಲಿ ಹಿಡಿದು ಎಳೆದರೆ ಉದ್ದವಾಗುತ್ತದೆ, ಒತ್ತಿದರೆ ಗಿಡ್ಡವಾಗುತ್ತದೆ. ಅದರ ದೊಡ್ಡ ತೊಂದರೆ ಎಂದರೆ ಒಂದೇ ಗುಂಡಿ ಎಳೆಯುವಾಗ ಒಂದು ಸ್ವರ ಹೇಳಿ, ತಳ್ಳುವಾಗ ಇನ್ನೊಂದು ಹೇಳುತ್ತದೆ. ಬೀದಿಯ ದೊಡ್ಡ ಮನುಷ್ಯ ಸುಬ್ಬಯ್ಯನ್ನನ ಮಾತಿನ ಹಾಗೆ. ಹದಿನೆಂಟು ಮಗ್ಗದ ಶೆಡ್ಡಿನ ಆ ಯಜಮಾನನೇ ಭಜನೆ ಮಂಡಳಿಯ ಮುಖ್ಯಸ್ಥ. ಅವನು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಗೋಪಾಲು, ಇದು ಹಾರ್ಮೋನಿಯಂ ಅಲ್ಲಪ್ಪ. ಹಾರ್ಮೋನಿಯಂ ಇದನ್ನ ಹೆತ್ತು, ಮುಖ ನೋಡಿ, ಬಿಟ್ಟು ಓಡಿಹೋಗಿರ್ಬೇಕು" ಅಂದ. ಭಜನೆಯವರು ನಕ್ಕರು. ಗೋಪಾಲಸಾಮಿಯೂ ನಕ್ಕು, ಪೆಟ್ಟಿಗೆಯನ್ನು ಮನೆಗೆ ತಂದು ಮೊಳೆಗೆ ನೇತುಹಾಕಿದ.

ನುಡಿಸುವುದಾದರೂ ಯಾವಾಗ? ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಪವರ್‌ಲೂಮ್. ಎದುರು ಮನೆಯಲ್ಲಿ ಆರು. ಬೀದಿಯ ತುದಿಯಲ್ಲಿ ಸುಬ್ಬಯ್ಯನ್ನನ ಶೆಡ್ಡು. ಕರೆಂಟು ಇರುವಷ್ಟು ಹೊತ್ತೂ ಖಟಪಟ ಖಟಪಟ. ಆ ಬೀದಿಯಲ್ಲಿ ಹುಟ್ಟಿ ಬೆಳೆದವರಿಗೆ ಮಾತು ಕೇಳಿಸುವುದಕ್ಕಿಂತ ಕಾಣಿಸುವುದೇ ಹೆಚ್ಚು. ಮಗ್ಗದ ಆ ಬದಿಯವನು ತುಟಿ ಅಲ್ಲಾಡಿಸಿದರೆ ಈ ಬದಿಯವನಿಗೆ ಅರ್ಥವಾಗಿರುತ್ತದೆ. ನಲ್ಲಿಯ ಹತ್ತಿರ ಗುಟ್ಟು ಹೇಳುವ ಹೆಂಗಸರು ದನಿ ತಗ್ಗಿಸುವುದಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ಆ ವರ್ಷ ಅಣೆಕಟ್ಟುಗಳಲ್ಲಿ ನೀರಿಲ್ಲ ಎಂದು ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ಹೋಗುತ್ತಿತ್ತು. ಹೋದ ಕೂಡಲೇ ಬೀದಿ ಇದ್ದಕ್ಕಿದ್ದಂತೆ ಹೊಸ ಊರಾಗುತ್ತಿತ್ತು. ಕಾಗೆ ಕೂಗುವುದು, ಯಾರೋ ಕೆಮ್ಮುವುದು, ಪಾತ್ರೆ ಇಡುವ ಸದ್ದು, ಎಲ್ಲ ಕೇಳುತ್ತಿತ್ತು. ಗೋಪಾಲಸಾಮಿ ಪೆಟ್ಟಿಗೆಯನ್ನು ಮೊಳೆಯಿಂದ ಇಳಿಸುತ್ತಿದ್ದುದು ಆಗಲೇ. ಜಗಲಿಯ ಮೇಲೆ ಕುಳಿತು ಎಳೆದು ತಳ್ಳಿ, ದನ ಕೂಗಿದ ಹಾಗೆಯೂ ಬಾಗಿಲು ಕಿರುಗುಟ್ಟಿದ ಹಾಗೆಯೂ ಸದ್ದು ಮಾಡುತ್ತಿದ್ದ.

ಒಂದು ಮಧ್ಯಾಹ್ನ ಹೀಗೆ ಕಿರುಗುಟ್ಟಿಸುತ್ತಿರುವಾಗ ಒಳಗಿನಿಂದ ಇನ್ನೊಂದು ಸದ್ದು ಬಂತು. ಸಣ್ಣಗೆ, ನೆಟ್ಟಗೆ, ನೀರಿನ ಎಳೆಯ ಹಾಗೆ. ರುಕ್ಮಣಿ ನೂಲಿನ ಕಂಡಿಕೆ ಸುತ್ತುತ್ತಿದ್ದ ರಾಟೆ ನಿಲ್ಲಿಸಿ ತಿರುಗಿ ನೋಡಿದಳು. ಅಡುಗೆಮನೆಯ ಬಾಗಿಲ ಹಿಂದೆ ಅವಳ ತಾಯಿ ವಳ್ಳಿಯಮ್ಮ ಗೋಡೆಗೆ ಒರಗಿ ಕುಳಿತಿದ್ದರು. ಬಾಯಲ್ಲಿ ಒಂದು ತಗಡಿನ ಕೊಳವೆ. ಕೊಳಲನ್ನು ಎಲ್ಲರೂ ಅಡ್ಡ ಹಿಡಿಯುತ್ತಾರೆ. ಇದನ್ನು ಅವರು ಕಬ್ಬು ತಿನ್ನುವವರ ಹಾಗೆ ನೆಟ್ಟಗೆ ಹಿಡಿದಿದ್ದರು. ಕಣ್ಣು ಮುಚ್ಚಿತ್ತು.

ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ವಳ್ಳಿಯಮ್ಮ ಕೊಯಮತ್ತೂರಿನಲ್ಲಿ ಒಬ್ಬ ಬಿಳಿ ದೊರೆಯ ಬಂಗಲೆಯಲ್ಲಿ ಮಗು ನೋಡಿಕೊಳ್ಳುವ ಕೆಲಸ ಮಾಡಿ ಮಗಳನ್ನು ಸಾಕಿದವರು. ಆ ಮನೆಯ ದೊರೆಸಾನಿ ಸಂಜೆ ಇಂಥದೇ ಪೆಟ್ಟಿಗೆ ನುಡಿಸಿ ಮಗುವನ್ನು ಮಲಗಿಸುತ್ತಿದ್ದಳಂತೆ. ಒಂಟಿ ಪೆಟ್ಟಿಗೆಗೆ ಜೊತೆ ಬೇಕೆಂದು ಈ ತಗಡಿನ ಸೀಟಿಯನ್ನು ವಳ್ಳಿಯಮ್ಮನ ಕೈಗೆ ಕೊಟ್ಟು ಕಲಿಸಿದಳಂತೆ. ಊರು ಬಿಟ್ಟು ಹೋಗುವಾಗ ಅದನ್ನು ಇವರಿಗೇ ಬಿಟ್ಟು ಹೋದಳಂತೆ. ಇಷ್ಟು ವರ್ಷ ಈ ಮಾತನ್ನು ಅವರು ಮಗಳಿಗೂ ಹೇಳಿರಲಿಲ್ಲ. "ಯಾಕಮ್ಮಾ?" ಎಂದು ರುಕ್ಮಣಿ ಕೇಳಿದರೆ, "ಪೆಟ್ಟಿಗೆ ಇಲ್ದೆ ಸೀಟಿ ಬಗ್ಗೆ ಏನು ಹೇಳಾದು" ಅಂದರು.

ಹೀಗೆ ಜೋಡಿ ವಾದ್ಯ ಶುರುವಾಯಿತು. ಆದರೆ ಒಂದು ಅಡ್ಡಿ. ಅವರ ಜನರ ಪೈಕಿ ಅತ್ತೆಯಾದವಳು ಅಳಿಯನ ಎದುರಿಗೆ ಬರುವಂತಿಲ್ಲ, ನೇರವಾಗಿ ಮಾತಾಡುವಂತಿಲ್ಲ. ವಳ್ಳಿಯಮ್ಮ ಆ ಮನೆಗೆ ಬಂದು ಮೂರು ವರ್ಷವಾಗಿತ್ತು. ಈ ಮೂರು ವರ್ಷದಲ್ಲಿ ಗೋಪಾಲಸಾಮಿ ಅತ್ತೆಯನ್ನು ನೋಡಿದ್ದು ಬಾಗಿಲ ಸಂದಿಯಲ್ಲಿ ಮಜ್ಜಿಗೆ ಲೋಟ ಇಡುವ ಒಂದು ಕೈಯಾಗಿ, ಮೂಲೆ ತಿರುಗುವ ಒಂದು ಹಿಮ್ಮಡಿಯಾಗಿ. ಆದ್ದರಿಂದ ಪಾಠವೆಲ್ಲ ರುಕ್ಮಣಿಯ ಮೂಲಕ.

"ರುಕ್ಮಣೀ, ಮಾಪ್ಳೆಗೆ ಹೇಳು, ಎಡಗೈ ಮೊದಲು."

ಬಾಗಿಲ ಈಚೆ ಮಾಪ್ಳೆಗೆ, ಅಂದರೆ ಅಳಿಯ ಗೋಪಾಲಸಾಮಿಗೆ, ಅದು ಚೆನ್ನಾಗಿ ಕೇಳಿಸಿರುತ್ತದೆ. ಆದರೂ ಮರ್ಯಾದೆಗೆ ಕೇಳದವನ ಹಾಗೆ ಸೂರು ನೋಡುತ್ತಾ ಕಾಯುತ್ತಾನೆ.

"ಎಡಗೈ ಮೊದಲಂತೆ" ಎನ್ನುತ್ತಾಳೆ ರುಕ್ಮಣಿ.

"ಓಹೋ, ಎಡಗೈಯಾ?" ಎಂದು ಅವನು ಆಶ್ಚರ್ಯಪಡುತ್ತಾನೆ.

ದನಿ ಎತ್ತಿ ಹೇಳಿದ್ದು ಅವನಿಗೂ ಕೇಳುತ್ತಿತ್ತು. ಆದರೆ ಹಾಡು ಮುಗಿದ ಮೇಲೆ ವಳ್ಳಿಯಮ್ಮ ಮಗಳ ಕಿವಿಯಲ್ಲಿ ಹೇಳುತ್ತಿದ್ದ ಮಾತು ಬೇರೆ. "ಮೂರನೇ ಸಾಲಲ್ಲಿ ಎಳೀಬೇಕಾದ ಕಡೆ ತಳ್ತಾರೆ. ಮಗು ಎಚ್ಚರಾಗಿ ಅಳೋ ಹಂಗೆ ಕೇಳ್ತದೆ. ಹೇಳು." ರುಕ್ಮಣಿ ಹೊರಗೆ ಬಂದು ನೋಡಿದರೆ ಅವನು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬೆವರು ಒರೆಸಿಕೊಳ್ಳುತ್ತಾ, "ನಿಮ್ಮಮ್ಮ ಏನಂದ್ರು?" ಎಂದು ಕೇಳುತ್ತಿದ್ದ. "ಚೆನ್ನಾಗಿತ್ತಂತೆ" ಅನ್ನುತ್ತಿದ್ದಳು. ದಿನವೂ ಹಾಗೇ ಹೇಳಿದಳು. ಒಂದೇ ಹಾಡು, ದೊರೆಸಾನಿ ಮಗು ಮಲಗಿಸುತ್ತಿದ್ದ ಹಾಡು. ಮೂರನೆಯ ಸಾಲು ಬಂದಾಗ ಮಾತ್ರ ರುಕ್ಮಣಿ ತಿಗಣೆ ಕಚ್ಚಿದ ಹಾಗೆ ಒಂದು ಸಲ ಅಲುಗುತ್ತಿದ್ದಳು.

ಇನ್ನು ಶಕ್ತಿಯ ವಿಷಯ.

ಆ ಊರಿನಲ್ಲಿ ಕರೆಂಟು ಒಮ್ಮೆಲೇ ಹೋಗುವುದಿಲ್ಲ. ಮೊದಲು ಬಲ್ಬು ಕೆಂಪಾಗುತ್ತದೆ, ಲಾಳಿಯ ಓಟ ಮಂದವಾಗುತ್ತದೆ, ಆಮೇಲೆ ಹೋಗುತ್ತದೆ. ಗೋಪಾಲಸಾಮಿ ಬಲ್ಬು ಕೆಂಪಾದ ಕೂಡಲೇ ಮಗ್ಗ ನಿಲ್ಲಿಸಿ ಪೆಟ್ಟಿಗೆಗೆ ಕೈ ಹಾಕುತ್ತಿದ್ದ. ಬರುವಾಗಲೂ ಹಾಗೇ, ಬಲ್ಬಿನ ತಂತಿ ಒಂದಿಷ್ಟು ಮಿಣುಕಿದರೆ ನುಡಿಸುವುದನ್ನು ನಿಲ್ಲಿಸಿ ಮಗ್ಗದ ಹತ್ತಿರ ಓಡುತ್ತಿದ್ದ. ಎದುರು ಮನೆಯ ಪಾಪಾತಿ ತನ್ನ ಮಗ್ಗದಿಂದ ತಲೆ ಎತ್ತಿದರೆ ಕಾಣುವುದು ಗೋಪಾಲಸಾಮಿಯ ಜಗಲಿ. ಅವಳು ನೋಡಿದ್ದು ಇಷ್ಟು: ಗೋಪಾಲಸಾಮಿ ಪೆಟ್ಟಿಗೆ ಇಳಿಸುತ್ತಾನೆ, ಕರೆಂಟು ಹೋಗುತ್ತದೆ. ಗೋಪಾಲಸಾಮಿ ಪೆಟ್ಟಿಗೆ ಕೆಳಗಿಡುತ್ತಾನೆ, ಕರೆಂಟು ಬರುತ್ತದೆ. ಇದರಲ್ಲಿ ಅವಳು ಒಂದು ಅಕ್ಷರವನ್ನೂ ತನ್ನದಾಗಿ ಸೇರಿಸಿರಲಿಲ್ಲ. ದೂರದ ಅಣೆಕಟ್ಟಿನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ಎದುರು ಮನೆಯ ಮೇಲೆ ಸಲೀಸು.

"ರುಕ್ಮಣಿಯಕ್ಕಾ," ಎಂದು ಪಾಪಾತಿ ನಲ್ಲಿಯ ಹತ್ತಿರ ಮೆತ್ತಗೆ ಶುರುಮಾಡಿದಳು, "ಅಣ್ಣನ್ನ ಸ್ವಲ್ಪ ತಡ್ಕೊಳ್ಳೋಕೆ ಹೇಳಿ. ಕಲ್ಯಾಣದ ಆರ್ಡರ್ ಸೀರೆ, ಬುಧವಾರ ಕೊಡ್ಬೇಕು. ಅದು ಮುಗೀಲಿ, ಅಪ್ಪುರಂ ಎಷ್ಟು ಬೇಕೋ ನುಡಿಸ್ಲಿ."

"ಅದಕ್ಕೂ ಇದಕ್ಕೂ ಏನು ಸಂಬಂಧ, ಪಾಪಾತಿ?"

"ನನಗೇನು ಗೊತ್ತಕ್ಕಾ. ನಾನು ಕಂಡದ್ದು ಹೇಳ್ದೆ."

ಸುಬ್ಬಯ್ಯನ್ನನ ಶೆಡ್ಡಿನ ನೇಕಾರರ ಅಭಿಪ್ರಾಯ ಬೇರೆ ಇತ್ತು. ಇಬ್ಬರು ಹುಡುಗರು ಚಕ್ಕುಲಿಯಂಥ ಮುರುಕಿನ ಪೊಟ್ಟಣ ಹಿಡಿದು ಗೋಪಾಲಸಾಮಿಯ ಜಗಲಿಗೆ ಬಂದರು. "ಅಣ್ಣಾ, ಶುಕ್ರವಾರ ಸಾಯಂಕಾಲ ಸಿನಿಮಾಗೆ ಹೋಗ್ಬೇಕು. ಮೊದಲಾಳಿ, ನಮ್ ಯಜಮಾನ್ರು, ಬಿಡೋದಿಲ್ಲ. ತಾವು ಸ್ವಲ್ಪ ಆ ಹೊತ್ತಿಗೆ..."

"ಆ ಹೊತ್ತಿಗೆ ಏನು?"

"ಪೆಟ್ಟಿಗೆ ಎತ್ತಿದ್ರೆ ಸಾಕಣ್ಣಾ. ನುಡಿಸೋದೂ ಬೇಡ."

ಇಲ್ಲಿಯೇ ಗೋಪಾಲಸಾಮಿ "ಹೋಗ್ರೋ, ಹುಚ್ಚರಾ" ಅಂದಿದ್ದರೆ ಕಥೆ ಮುಗಿದುಹೋಗುತ್ತಿತ್ತು. ಆದರೆ ಭಜನೆಯವರು ನಕ್ಕ ಪೆಟ್ಟಿಗೆಗೆ ಈಗ ಮುರುಕು ಬಂದಿತ್ತು. ಅವನು ಒಂದು ಮುರುಕು ಮುರಿದು ಬಾಯಿಗೆ ಹಾಕಿಕೊಂಡು, ಜ್ಯೋತಿಷಿಗಳು ಮಾಡುವ ಹಾಗೆ ಕಣ್ಣು ಅರ್ಧ ಮುಚ್ಚಿ, "ನೋಡೋಣ" ಅಂದ. ರುಕ್ಮಣಿ ಒಳಗಿನಿಂದ ಎರಡು ಸಲ ಕೆಮ್ಮಿದಳು. ಅವನಿಗೆ ಕೇಳಲಿಲ್ಲ.

ಶುಕ್ರವಾರ ಸಂಜೆ ಕರೆಂಟು ತಾನಾಗಿಯೇ ಹೋಯಿತು. ಹುಡುಗರು ಸಿನಿಮಾಗೆ ಹೋಗಿ ಬಂದು ಅಣ್ಣನಿಗೆ ಕಥೆಯನ್ನೂ ಹೇಳಿ ಹೋದರು.

ಮಾರನೆಯ ದಿನ ಸುಬ್ಬಯ್ಯನ್ ಬಂದ. ಜಗಲಿಯ ಮೇಲೆ ಕೂರಲಿಲ್ಲ. ಹಾಗೆ ನಿಂತರೆ ವಿಷಯ ದೊಡ್ಡದೆಂದು ಅರ್ಥ.

"ಗೋಪಾಲು, ಭಜನೆಯಲ್ಲಿ ನಾನು ನಕ್ಕಿದ್ದು ತಪ್ಪು. ಅದಕ್ಕೆ ನನ್ನ ಮಗ್ಗ, ಹದಿನೆಂಟು ತರಿ, ನಿಲ್ಸೋದಾ?"

"ಅಣ್ಣಾ, ನಾನೇನು ಮಾಡ್ಲಿ? ಕರೆಂಟ್ ಹೋತದೆ, ನಾನು ನುಡಿಸ್ತೀನಿ."

"ಅದನ್ನೇ ನಾನೂ ಹೇಳ್ತಿರೋದು. ನೀನು ನುಡಿಸ್ತೀಯ, ಕರೆಂಟ್ ಹೋತದೆ."

ಸರಿಯಾಗಿ ಆಗ ಲೈನ್‌ಮನ್ ಪಳನಿಸಾಮಿ ಸೈಕಲ್ ತಳ್ಳಿಕೊಂಡು ಬಂದ. ಕರೆಂಟು ಹೋದಾಗಲೆಲ್ಲ ಬೀದಿಯವರು ಹಿಡಿದು ನಿಲ್ಲಿಸಿ ಬೈಯುತ್ತಿದ್ದುದು ಅವನನ್ನೇ. ಸಬ್‌ಸ್ಟೇಷನ್ನಿನಲ್ಲಿ ಯಾವಾಗ ಯಾಕೆ ತೆಗೆಯುತ್ತಾರೆ ಎಂಬುದು ಆ ಗುಂಪಿನಲ್ಲಿ ಅವನೊಬ್ಬನಿಗೇ ಗೊತ್ತು. "ನೀನೇ ಹೇಳಪ್ಪ, ಪೆಟ್ಟಿಗೆ ನುಡಿಸಿದ್ರೆ ಕರೆಂಟ್ ಹೋತದಾ?" ಎಂದು ಗೋಪಾಲಸಾಮಿ ಅವನ ಕೈ ಹಿಡಿದ. ಪಳನಿಸಾಮಿ ಸುತ್ತ ನೋಡಿದ. ಎಷ್ಟೋ ತಿಂಗಳಿನಿಂದ ಮೊದಲ ಸಲ ಆ ಬೀದಿಯಲ್ಲಿ ಯಾರೂ ಅವನ ಮೇಲೆ ಸಿಟ್ಟಾಗಿರಲಿಲ್ಲ. ಒಬ್ಬರು ಟೀ ಕೂಡ ಕೊಟ್ಟಿದ್ದರು. ಅವನು ಟೀ ಮುಗಿಸಿ, ಲೋಟ ಕೆಳಗಿಟ್ಟು, ತಮಿಳಿನಲ್ಲಿ ಬಹಳ ಜಾಗ್ರತೆಯಿಂದ ಹೇಳಿದ: "ಎಂಗ ಲೈನ್‌ಲ ಒರು ಕುರೈಯುಂ ಇಲ್ಲೆ." ನಮ್ಮ ಲೈನಿನಲ್ಲಿ ಒಂದು ಕೊರತೆಯೂ ಇಲ್ಲ. ಇಷ್ಟೇ ಹೇಳಿ ಸೈಕಲ್ ಹತ್ತಿದ. ಸರ್ಕಾರದ ಮನುಷ್ಯನೇ ಒಪ್ಪಿದ ಮೇಲೆ ಇನ್ನೇನು ಎಂದು ಬೀದಿ ತೀರ್ಮಾನಿಸಿತು.

ಇಷ್ಟರವರೆಗೂ ರುಕ್ಮಣಿ ಒಳಗೊಳಗೇ ನಗುತ್ತಲೇ ಇದ್ದಳು. ನಗು ನಿಂತದ್ದು ಸೋಮವಾರ ಬೆಳಿಗ್ಗೆ, ಕೊಡ ಹಿಡಿದು ನಲ್ಲಿಗೆ ಹೋಗುವಾಗ. ಪಾಪಾತಿ ಅಲ್ಲಿ ಇನ್ನೊಬ್ಬಳಿಗೆ ಏನೋ ಹೇಳುತ್ತಿದ್ದಳು. ಸುತ್ತ ಮಗ್ಗಗಳ ಸದ್ದು, ದನಿ ಕೇಳುವಂತಿರಲಿಲ್ಲ. ಆದರೆ ತುಟಿ ಕಂಡಿತು. "ಪೆಟ್ಟಿಗೆ ಒಂದೇ ಇದ್ದಾಗ ಇಷ್ಟು ಹೋಗ್ತಿರ್ಲಿಲ್ಲ. ಆ ಸೀಟಿ ಸೇರಿದ ಮೇಲೆ ತಾನೆ. ತಾಲಿ ಕಳ್ಕೊಂಡ ಬಾಯಿ, ಅಳಿಯನ ಮನೇಲಿ ಕೂತು ಊದಿದ್ರೆ ಬೆಳಕು ಎಲ್ಲಿ ನಿಲ್ತದೆ." ಹೇಳುತ್ತ ಹೇಳುತ್ತ ರುಕ್ಮಣಿಯನ್ನು ಕಂಡು ಪಾಪಾತಿ ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೆಟ್ಟವಳಲ್ಲ, ಬುಧವಾರದ ಸೀರೆ ಮುಗಿದಿರಲಿಲ್ಲ, ಅಷ್ಟೆ.

ರುಕ್ಮಣಿ ಮನೆಯಲ್ಲಿ ಏನೂ ಹೇಳಲಿಲ್ಲ. ಆದರೆ ಆ ಬೀದಿಯಲ್ಲಿ ಕಿಟಕಿಯ ಹಿಂದೆ ನಿಂತವರಿಗೂ ಕಣ್ಣಿದೆ, ನಲ್ಲಿಯ ಹತ್ತಿರದ ತುಟಿ ಅಲ್ಲಿಗೂ ಕಾಣುತ್ತದೆ. ಮಧ್ಯಾಹ್ನ ಕರೆಂಟು ಹೋದಾಗ ಒಳಗಿನಿಂದ ಸೀಟಿ ಬರಲಿಲ್ಲ. ಗೋಪಾಲಸಾಮಿ ಒಂದು ಸಲ ಒಬ್ಬನೇ ಎಳೆದು ತಳ್ಳಿ, ಬಾಗಿಲ ಕಡೆ ನೋಡಿ, ಪೆಟ್ಟಿಗೆ ಕೆಳಗಿಟ್ಟ.

"ವೆಳ್ಳಕೋಯಿಲ್‌ಗೆ ಹೋಗಿ ಸ್ವಲ್ಪ ದಿನ ಇದ್ದು ಬತ್ತೀನಿ" ಎಂದು ವಳ್ಳಿಯಮ್ಮ ಸಂಜೆ ಸೀರೆ ಮಡಿಸುತ್ತಾ ಅಂದರು. ವೆಳ್ಳಕೋಯಿಲ್‌ನಲ್ಲಿ ಅವರ ಅಕ್ಕನ ಮಗನ ಕಾಳಿನ ಮಂಡಿ. ಒಳ್ಳೆಯವನೇ, ಆದರೆ ಮನೆ ಚಿಕ್ಕದು, ಜನ ಹೆಚ್ಚು. ಅಲ್ಲಿ ಹೋದವರು ಮಲಗುವುದು ಮೂಟೆಗಳ ನಡುವೆ.

"ಎಷ್ಟು ದಿನ ಅಮ್ಮಾ?"

"ಸ್ವಲ್ಪ ದಿನ."

ತಾಯಿ ಮಡಿಸುತ್ತಿದ್ದ ಸೀರೆಗಳನ್ನು ರುಕ್ಮಣಿ ನೋಡಿದಳು. ಎಲ್ಲ ಸೀರೆಗಳನ್ನೂ ಮಡಿಸುತ್ತಿದ್ದರು. ಚಳಿಗಾಲದ ಕಂಬಳಿ ಕೂಡ ಕೆಳಗೆ ಬಂದಿತ್ತು.

ಅವಳು ಹೊರಗೆ ಬಂದಳು. ನಾಲ್ಕು ಮಗ್ಗವೂ ಓಡುತ್ತಿದ್ದವು. ಗೋಪಾಲಸಾಮಿ ಆ ತುದಿಯಲ್ಲಿ ಕಡಿದ ಎಳೆ ಸೇರಿಸುತ್ತಿದ್ದ. ಅವಳು ಈ ತುದಿಯಲ್ಲಿ ನಿಂತು ಬರೀ ತುಟಿಯಲ್ಲಿ, "ಅಮ್ಮ ಹೋಗ್ತಾಳೆ" ಅಂದಳು. ಅವನು ಅರ್ಥವಾಗದವನ ಹಾಗೆ ನೋಡಿದ. ಇನ್ನೊಂದು ಸಲ ಅಂದಳು. ಅವನು ಕೈ ಚಾಚಿ ಒಂದೊಂದಾಗಿ ನಾಲ್ಕು ಮಗ್ಗವನ್ನೂ ನಿಲ್ಲಿಸಿದ. ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ಪೂರ್ತಿ ಕರೆಂಟು ಇರುವಾಗ ಅವನು ಮಗ್ಗ ನಿಲ್ಲಿಸಿದ್ದು ರುಕ್ಮಣಿ ಮದುವೆಯಾಗಿ ಬಂದ ಮೇಲೆ ಅದೇ ಮೊದಲು.

"ಯಾಕೆ?" ಅಂದ.

ಅವಳು ಹೇಳಿದಳು. "ಆ ಮುರುಕು ನಾನು ತಿನ್ಬಾರ್ದಿತ್ತು" ಅಂದ. ಆಮೇಲೆ ಅಂಗಿ ಹಾಕಿಕೊಂಡು ಸುಬ್ಬಯ್ಯನ್ನನ ಶೆಡ್ಡಿಗೆ ಹೋದ.

ಅಲ್ಲಿ ನಡೆದ ಮಾತುಕತೆಯನ್ನು ಬೀದಿ ಬಾಗಿಲಲ್ಲಿ ನಿಂತು ನೋಡಿತು.

"ಅಣ್ಣಾ, ಕರೆಂಟ್ ಇರೋವಾಗ್ಲೇ ನುಡಿಸ್ತೀನಿ. ಹೋಗ್ಲಿಲ್ಲ ಅಂದ್ರೆ ಒಪ್ತೀರಾ?"

"ಒಪ್ತೀನಿ. ನೀನೊಬ್ನೇ ಅಲ್ಲ, ಆ ಸೀಟಿನೂ ಸೇರ್ಬೇಕು."

"ಸೇರ್ತದೆ. ಆದ್ರೆ ತರಿ ಓಡ್ತಿದ್ರೆ ನಿಮಗೆ ಕೇಳೋದಿಲ್ವಲ್ಲ. ಒಂದ್ ಗಳಿಗೆ ಎಲ್ರೂ ನಿಲ್ಸಿ."

ಸುಬ್ಬಯ್ಯನ್ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಕರೆಂಟ್ ಇರೋವಾಗ ತರಿ ನಿಲ್ಸೋದಾ? ಕರೆಂಟ್ ಹೋತದಾ ಇಲ್ವಾ ಅಂತ ನೋಡೋಕೆ ನಾನೇ ತರಿ ನಿಲ್ಸೋದಾದ್ರೆ, ಅದಕ್ಕೆ ಕರೆಂಟೇ ಹೋದ್ರೆ ಸಾಲ್ದಾ?"

ಕೊನೆಗೆ ಹೀಗೆ ನಿರ್ಧಾರವಾಯಿತು: ಮಗ್ಗಗಳು ಓಡುತ್ತಿರಲಿ. ಸದ್ದು ಕೇಳದಿದ್ದರೂ ಪರವಾಗಿಲ್ಲ, ನುಡಿಸುವುದು ಕಣ್ಣಿಗೆ ಕಾಣಬೇಕು. ಇಬ್ಬರೂ ಜಗಲಿಯ ಮೇಲೆ, ಬೀದಿಯ ಎದುರಿಗೆ ಕೂರಬೇಕು.

ಗೋಪಾಲಸಾಮಿ ಒಪ್ಪಿ ಮನೆಯ ಮೆಟ್ಟಿಲು ಹತ್ತುವಾಗ ತಾನು ಏನು ಒಪ್ಪಿದೆನೆಂದು ಅವನಿಗೆ ಹೊಳೆಯಿತು. ಅತ್ತೆ ಹೊರಗೆ ಬರಬೇಕು. ಅಳಿಯನ ಎದುರಿಗೆ. ಬೀದಿಯ ಎದುರಿಗೆ.

ರುಕ್ಮಣಿ ಒರಳಿನಲ್ಲಿ ಹಿಟ್ಟು ರುಬ್ಬುತ್ತಿದ್ದಳು.

"ರುಕ್ಮಣೀ, ನಿಮ್ಮಮ್ಮಂಗೆ ಸ್ವಲ್ಪ ಹೇಳು..."

"ನನ್ ಕೈ ಖಾಲಿ ಇಲ್ಲ."

"ಕೈಯಲ್ಲ, ಬಾಯಿ ಬೇಕಾಗಿರೋದು."

"ಬಾಯೂ ಖಾಲಿ ಇಲ್ಲ" ಅಂದಳು. ಅವನು ನೋಡಿದ. ಅವಳು ತಲೆ ಎತ್ತಲಿಲ್ಲ; ಗುಂಡು ತಿರುಗುತ್ತಲೇ ಇತ್ತು. ಒಳಗಿಂದ ಹೊರಗೆ, ಹೊರಗಿಂದ ಒಳಗೆ ಮಾತು ಹೊತ್ತು ಹೊತ್ತು, ಆ ದಿನ ಮಾತ್ರ ಅವಳಿಗೆ ಹೊರಲು ಆಗಲಿಲ್ಲ.

ಗೋಪಾಲಸಾಮಿ ಅಡುಗೆಮನೆಯ ಬಾಗಿಲ ಹತ್ತಿರ ಹೋಗಿ ನಿಂತ. ಬಾಗಿಲ ಪಕ್ಕದಲ್ಲಿ ನೀರಿನ ಹಂಡೆ ಇತ್ತು. ಅವನು ಗಂಟಲು ಸರಿಮಾಡಿಕೊಂಡು ಹಂಡೆಯನ್ನು ನೋಡುತ್ತಾ ಮಾತಾಡಿದ.

"ಹಂಡೆಗೆ ತಿಳಿದಿರಲಿ ಅಂತ ಹೇಳ್ತೀನಿ. ತಪ್ಪು ನಂದು. ಶಕ್ತಿ ಇಲ್ಲ ಅಂತ ಆವತ್ತೇ ಹೇಳ್ಬೇಕಾಗಿತ್ತು. ಯಾರೋ ಒಬ್ರು ವೆಳ್ಳಕೋಯಿಲ್‌ಗೆ ಹೋದ್ರೆ ಬೀದಿಯವರು ಹೇಳಿದ್ದೇ ನಿಜ ಅಂತ ಆಗಿಹೋತದೆ. ಅದಕ್ಕಿಂತ..." ಇಲ್ಲಿ ಹಂಡೆಯ ಕಂಠ ಸವರಿದ. "ಅದಕ್ಕಿಂತ, ಈ ಮನೇಲಿ ಇನ್ನೊಬ್ರಿಗೆ ಹಾಡಿನ ಅರ್ಧ ಮಾತ್ರ ಗೊತ್ತು. ನಾಳೆ ಬೆಳಿಗ್ಗೆ ಜಗಲಿ ಮೇಲೆ ಬಂದು ಕೂತ್ರೆ ಒಳ್ಳೇದು. ಬಲವಂತ ಇಲ್ಲ."

ಒರಳಿನ ಗುಂಡು ಯಾವಾಗಲೋ ನಿಂತಿತ್ತು. ಕೊನೆಗೆ ಬಾಗಿಲ ಹಿಂದಿನಿಂದ ದನಿ ಬಂತು.

"ರುಕ್ಮಣೀ, ಬೆಳಿಗ್ಗೆ ಪೂಜೆ ಮುಗಿದ ಮೇಲೆ ಆಗ್ಲಿ ಅಂತ ಆ ಹಂಡೆಗೆ ಹೇಳು."

ಮರುದಿನ ಬೆಳಿಗ್ಗೆ ಬೀದಿ ಸೇರಿತು. ಮಗ್ಗದ ಹತ್ತಿರ ಒಬ್ಬೊಬ್ಬರನ್ನು ಬಿಟ್ಟು ಉಳಿದವರೆಲ್ಲ ಹೊರಗೆ. ಪಳನಿಸಾಮಿ ಟ್ರಾನ್ಸ್‌ಫಾರ್ಮರಿನ ಕೆಳಗೆ ಸೈಕಲ್ ನಿಲ್ಲಿಸಿ ಮೇಲೆ ನೋಡುತ್ತಾ ಮನಸ್ಸಿನಲ್ಲೇ ಏನೋ ಬೇಡಿಕೊಳ್ಳುತ್ತಿದ್ದ. ಜಗಲಿಯ ಬಲ್ಬನ್ನು ಹಗಲಿನಲ್ಲೇ ಹಚ್ಚಿಟ್ಟಿದ್ದರು.

ವಳ್ಳಿಯಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲು ದಾಟಿ ಬಂದು ಕುಳಿತರು. ಗೋಪಾಲಸಾಮಿ ಮೊದಲ ಸಲ ಅತ್ತೆಯ ಮುಖ ನೋಡಿದ. ಗಲ್ಲ ಥೇಟ್ ರುಕ್ಮಣಿಯದು. ಅದನ್ನು ಕಂಡು ಅವನಿಗೆ ಸ್ವಲ್ಪ ಧೈರ್ಯ, ಸ್ವಲ್ಪ ಭಯ ಒಟ್ಟಿಗೆ ಬಂದವು. ಇಬ್ಬರೂ ಶುರುಮಾಡಿದರು.

ಅಂಥ ಕಛೇರಿ ಆ ಜಿಲ್ಲೆಯಲ್ಲಿ ಹಿಂದೆ ನಡೆದಿರಲಾರದು. ಕೇಳಲು ಬಂದವರಿಗೆ ಒಂದು ಸ್ವರವೂ ಕೇಳಲಿಲ್ಲ. ನುಡಿಸುವವರಿಗೂ ಕೇಳಲಿಲ್ಲ. ಎಲ್ಲೆಲ್ಲೂ ಮಗ್ಗದ ಸದ್ದು. ಅದರ ನಡುವೆ ಒಬ್ಬನ ಕೈ ಹಿಗ್ಗಿ ಕುಗ್ಗುತ್ತಿತ್ತು, ಒಬ್ಬರ ಬೆರಳು ಏರಿ ಇಳಿಯುತ್ತಿತ್ತು. ಕಿವಿಗೆ ಸಿಗದ್ದರಿಂದ ಅವರು ಒಬ್ಬರ ಕೈ ಒಬ್ಬರು ನೋಡಿಕೊಂಡು ನುಡಿಸಬೇಕಾಯಿತು.

ನಡುವೆ ಒಂದು ಸಲ ಬಲ್ಬು ಕೆಂಪಾಯಿತು. ಬೀದಿ ಉಸಿರು ಹಿಡಿಯಿತು. ಗೋಪಾಲಸಾಮಿಯ ಬೆರಳು ಹಾಗೇ ಕಲ್ಲಾಯಿತು. ವಳ್ಳಿಯಮ್ಮ ನಿಲ್ಲಿಸಲಿಲ್ಲ. ಸೀಟಿ ಊದುತ್ತಲೇ, ಅಳುವ ಮಗುವನ್ನು ನೋಡುವ ಹಾಗೆ ಅವನನ್ನು ನೆಟ್ಟ ಕಣ್ಣಿನಿಂದ ನೋಡಿದರು. ಅವನು ಮತ್ತೆ ಎಳೆದ. ಬಲ್ಬು ಬೆಳ್ಳಗಾಯಿತು. ಹಾಡು ಮುಗಿಯಿತು. ಮಗ್ಗಗಳು ಓಡುತ್ತಲೇ ಇದ್ದವು.

ಪಳನಿಸಾಮಿ ಸದ್ದಿಲ್ಲದೆ ಸೈಕಲ್ ಹತ್ತಿ ಹೊರಟ. ಸುಬ್ಬಯ್ಯನ್ ಮಾತ್ರ ಸೋಲುವವನಲ್ಲ; ಜಗಲಿಯ ಹತ್ತಿರ ಬಂದು, ಎಲ್ಲರಿಗೂ ತುಟಿ ಕಾಣುವ ಹಾಗೆ ತಿರುಗಿ, "ಕರೆಂಟ್ ಹೋಗ್ಲಿಲ್ಲ, ಸರಿ. ಆದ್ರೆ ನಿಜಮಾ ನುಡಿಸಿದ್ರಾ, ಸುಮ್ಮಾ ಬೆರಳಾಡಿಸಿದ್ರಾ? ಯಾರು ಕೇಳಿದ್ರು?" ಅಂದ.

ಬೀದಿ ತಲೆದೂಗಿತು. ರುಕ್ಮಣಿ ಒಳಗಿನಿಂದ ಬಾಗಿಲಿಗೆ ಬಂದು ನಿಂತಳು.

ವಳ್ಳಿಯಮ್ಮ ಇದ್ಯಾವುದನ್ನೂ ಗಮನಿಸಿದಂತೆ ಕಾಣಲಿಲ್ಲ. ಅವರು ಇನ್ನೂ ಅಳಿಯನ ಕೈಯನ್ನೇ ನೋಡುತ್ತಿದ್ದರು. ತಲೆಯ ಮೇಲಿನ ಸೆರಗು ಜಾರಿತ್ತು. ಅವರು ಸೀಟಿಯನ್ನು ಅವನ ಕಡೆ ಚಾಚಿ, ನೇರವಾಗಿ ಅವನಿಗೇ ಹೇಳಿದರು. ದನಿ ಯಾರಿಗೂ ಕೇಳಲಿಲ್ಲ. ತುಟಿ ಬೀದಿಗೆಲ್ಲ ಕಂಡಿತು.

"ಮಾಪ್ಳೆ, ಮೂರನೇ ಸಾಲಲ್ಲಿ ತಳ್ತೀರಲ್ಲ, ಎಳೀಬೇಕು. ಎಷ್ಟು ಸಲ ಹೇಳಿ ಕಳ್ಸೋದು? ಇವತ್ತು ಕಣ್ಣಲ್ಲೇ ನೋಡ್ದೆ. ಹಿಂಗೆ ನುಡಿಸಿದ್ರೆ ಯಾವ ಮಗು ಮಲಗ್ತದೆ?"

ಆಮೇಲೆ ಪಾಪಾತಿ, ಸೆರಗು ಅಡ್ಡ ಹಿಡಿಯದೆ, ಸುಬ್ಬಯ್ಯನ್ನನಿಗೆ ಅಂದಳು: "ನುಡಿಸಿರೋದು ನಿಜ ಅಣ್ಣಾ. ಸುಮ್ಮಾ ಕೂತಿದ್ದವರನ್ನ ಯಾರೂ ಹಿಂಗೆ ಬೈಯೋದಿಲ್ಲ."

ಬೀದಿ ಅವರವರ ಮಗ್ಗಕ್ಕೆ ಹಿಂತಿರುಗಿತು. ಗೋಪಾಲಸಾಮಿ ಮಾತ್ರ ನಿಧಾನವಾಗಿ ಹೆಂಡತಿಯ ಕಡೆ ತಿರುಗಿ, "ದಿನಾ ಚೆನ್ನಾಗಿತ್ತು ಅಂದ್ರು ಅಂದ್ಯಲ್ಲ" ಅಂದ. ರುಕ್ಮಣಿಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಯಿತು.

ಮಧ್ಯಾಹ್ನ ಎಂದಿನಂತೆ ಕರೆಂಟು ಹೋಯಿತು. ವಳ್ಳಿಯಮ್ಮ ಬಾಗಿಲ ಹಿಂದೆ ಹೋಗಲಿಲ್ಲ. ಒಂದು ಸಲ ದಾಟಿದ ಹೊಸ್ತಿಲನ್ನು ಇನ್ನೊಂದು ಸಲ ದಾಟುವುದು ಅಷ್ಟು ಕಷ್ಟವಲ್ಲ. ಜಗಲಿಯ ಮೇಲೆ ಕುಳಿತು, "ಎಳೀರಿ" ಅಂದರು. ಗೋಪಾಲಸಾಮಿ ಎಳೆದ. ಮೂರನೆಯ ಸಾಲು ಅಲ್ಲಿಯವರೆಗೂ ಹೋಗದ ಕಡೆಗೆ ಹೋಗಿ ಮೆತ್ತಗೆ ಇಳಿಯಿತು. ಎದುರು ಮನೆಯಲ್ಲಿ ಪಾಪಾತಿ ಮಗ್ಗಕ್ಕೆ ಒರಗಿ ಕೆನ್ನೆಗೆ ಕೈ ಕೊಟ್ಟು ಕುಳಿತಿದ್ದಳು. ರುಕ್ಮಣಿ ಕಂಡಿಕೆಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಹೊಸ್ತಿಲ ಮೇಲೆ ಕುಳಿತಳು. ಮಾತು ದಾಟಿಸಲು ಅವಳು ಯಾರಿಗೂ ಬೇಕಾಗಿರಲಿಲ್ಲ.

ಹಾಡು ಮುಗಿದ ಮೇಲೆ ಗೋಪಾಲಸಾಮಿ ಪೆಟ್ಟಿಗೆಯ ಪಟ್ಟಿ ಸರಿಮಾಡುತ್ತಾ, ಈ ಸಲ ಹಂಡೆಯ ಸಹಾಯವಿಲ್ಲದೆ ಕೇಳಿದ. "ಅತ್ತೆ, ವೆಳ್ಳಕೋಯಿಲ್‌ಗೆ..."

"ಈ ಪಾಟಿನ ಮೂರನೇ ಸಾಲು ಸರಿಯಾಗೋ ತನಕ ಹೆಂಗೆ ಹೋಗಾದು" ಅಂದರು ವಳ್ಳಿಯಮ್ಮ. "ಇನ್ನೊಂದು ಸಲ ನುಡಿಸಿ."

ಅವನು ಇನ್ನೊಂದು ಸಲ ನುಡಿಸಿದ. ಮೂರನೆಯ ಸಾಲಿನಲ್ಲಿ ಎಳೆಯಬೇಕಾದ ಕಡೆ ತಳ್ಳಿದ. ವಳ್ಳಿಯಮ್ಮ ಹಣೆ ಚಚ್ಚಿಕೊಂಡು ಮತ್ತೆ ಮೊದಲಿನಿಂದ ಹೇಳಿಕೊಟ್ಟರು. ಅಂದಿನಿಂದ ಅವನು ಮುಕ್ಕಾಲು ಪಾಲು ಸರಿಯಾಗಿ ನುಡಿಸುತ್ತಾನೆ. ಅತ್ತೆ ಊರಿಗೆ ಹೋಗುವ ಮಾತೆತ್ತಿದ ದಿನ ಮಾತ್ರ ಆ ಒಂದು ಗುಂಡಿ ತಪ್ಪುತ್ತದೆ. ಮರೆತು ತಪ್ಪುತ್ತಾನೋ, ಬೇಕೆಂದೇ ತಪ್ಪುತ್ತಾನೋ, ರುಕ್ಮಣಿ ಕೇಳುವುದಿಲ್ಲ.